ಇಎಸ್‌ಐ ಸೌಲಭ್ಯಕ್ಕಾಗಿ ಲಾರಿ ಕೆಲಸಕ್ಕೆ ಸೇರಬಹುದೇ? ನಾಲ್ಕೂವರೆ ವರ್ಷ ಬಳಸಿದ ಮನೆಯವರ ವಿಮರ್ಶೆ

ನಮ್ಮ ಯಜಮಾನರು 2021ರ ಜೂನ್ ತಿಂಗಳಲ್ಲಿ ತಮ್ಮ ಸ್ವಂತ ಆರು ಚಕ್ರದ ಗಾಡಿಯನ್ನು ಮಾರಿ, ಬೆಂಗಳೂರು–ಪುಣೆ ಹೆದ್ದಾರಿಯ ಬದಿಯ ಒಂದು ಟ್ರಾನ್ಸ್‌ಪೋರ್ಟ್‌ನಲ್ಲಿ ಸಂಬಳದ ಚಾಲಕರಾಗಿ ಸೇರಿಕೊಂಡರು. ಕೊರೊನಾ ಕಾಲದಲ್ಲಿ ಕಂತು ಕಟ್ಟಲಾಗದೆ ಹೋದದ್ದು ಒಂದು ಕಾರಣವಾಗಿತ್ತು, ನಿಜ. ಆದರೆ ಆಗ ನಮ್ಮ ಮುಂದೆ ಎರಡು ಕೆಲಸಗಳಿದ್ದವು. ಒಂದರಲ್ಲಿ ತಿಂಗಳಿಗೆ 22,000 ರೂಪಾಯಿ ಸಂಬಳ, ಬೇರೇನೂ ಇಲ್ಲ. ಇನ್ನೊಂದರಲ್ಲಿ 18,000 ರೂಪಾಯಿ ಸಂಬಳ, ಟ್ರಿಪ್ಪಿನ ಬಾಟಾ (ದಾರಿಯ ಭತ್ಯೆ) ಬೇರೆ, ಜೊತೆಗೆ ಇಎಸ್‌ಐ, ಅಂದರೆ ಸಂಬಳದಿಂದ ಸ್ವಲ್ಪ ಮುರಿದುಕೊಂಡು ನೌಕರನಿಗೂ ಮನೆಯವರಿಗೂ ಚಿಕಿತ್ಸೆ ಕೊಡುವ ಸರ್ಕಾರದ ನೌಕರರ ರಾಜ್ಯ ವಿಮೆ. ಅತ್ತೆಯವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಮಗನಿಗೆ ಚಳಿಗಾಲ ಬಂತೆಂದರೆ ಉಬ್ಬಸ. ಎರಡು ರಾತ್ರಿ ಕೂತು ಲೆಕ್ಕ ಹಾಕಿ ನಾವು ಎರಡನೆಯದನ್ನು ಆರಿಸಿಕೊಂಡೆವು. ಅದೇ ಲೆಕ್ಕ ಹಾಕುತ್ತಾ ಕೂತಿರುವ ಇತರ ಚಾಲಕರ ಮನೆಯವರಿಗೆ ಉಪಯೋಗವಾಗಲೆಂದು, ಇಎಸ್‌ಐ ಎಂಬ ಈ ಸೇವೆ ನಮ್ಮ ಕೈಗೆ ಹೇಗೆ ಬಂತು, ಎಲ್ಲಿ ಕೈ ಹಿಡಿಯಿತು, ಎಲ್ಲಿ ಕೈ ಕೊಟ್ಟಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಆ ನಾಲ್ಕು ಅಂಕ ಸಿಗುವುದು ಓನರು ಪ್ರಾಮಾಣಿಕರಾಗಿದ್ದಾಗ ಮಾತ್ರ.

ಮೊದಲು ಹಣದ ಲೆಕ್ಕ. ಇಎಸ್‌ಐ ವಂತಿಗೆಯ ದರವನ್ನು 2019ರ ಜುಲೈ 1ರಿಂದ ಇಳಿಸಲಾಯಿತು. ಅಂದಿನಿಂದ ನೌಕರನ ಸಂಬಳದಿಂದ ಶೇಕಡಾ 0.75 ಮುರಿದುಕೊಂಡು, ಮಾಲೀಕರು ತಮ್ಮ ಕಡೆಯಿಂದ ಶೇಕಡಾ 3.25 ಸೇರಿಸಿ ಕಟ್ಟಬೇಕು. 18,000 ರೂಪಾಯಿ ಸಂಬಳಕ್ಕೆ ನಮ್ಮಿಂದ ಹೋಗುತ್ತಿದ್ದುದು 135 ರೂಪಾಯಿ, ಓನರು ಹಾಕಬೇಕಾದದ್ದು 585 ರೂಪಾಯಿ. ಗಂಡ, ಹೆಂಡತಿ, ಮಕ್ಕಳು ಮತ್ತು ಆಶ್ರಿತರಾದ ತಂದೆ ತಾಯಿ, ಇಷ್ಟೂ ಜನಕ್ಕೆ ಸೇರಿ ತಿಂಗಳಿಗೆ 135 ರೂಪಾಯಿ. ಹಾಗೆಂದು ಇದನ್ನು 135 ರೂಪಾಯಿಯ ಸೌಲಭ್ಯವೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ನಾವು ಬಿಟ್ಟುಕೊಟ್ಟದ್ದು ಇನ್ನೊಂದು ಕೆಲಸದ ಹೆಚ್ಚುವರಿ 4,000 ರೂಪಾಯಿಯನ್ನು. ಬಾಟಾದಲ್ಲಿ ಸ್ವಲ್ಪ ಭಾಗ ತುಂಬಿ ಬಂದರೂ, ವರ್ಷಕ್ಕೆ ಮೂವತ್ತು ಸಾವಿರದಷ್ಟಾದರೂ ಕಡಿಮೆ ದುಡಿದೆವೆಂದು ನನ್ನ ಅಂದಾಜು. ಇಎಸ್‌ಐ ಆ ಮೂವತ್ತು ಸಾವಿರಕ್ಕೆ ಸಾಟಿಯಾಗಿ ನಿಂತಿತೇ ಎಂಬುದೇ ಇಲ್ಲಿ ನೋಡಬೇಕಾದ ಪ್ರಶ್ನೆ.

ನಿಂತಿತು ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ದೊಡ್ಡ ಆಪರೇಷನ್ ಅಲ್ಲ, ತಿಂಗಳ ಮಾತ್ರೆ. ಬಡತನ ರೇಖೆಗಿಂತ ಕೆಳಗಿನ ಕಾರ್ಡು ಇರುವ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ; ಹೃದಯದ ಆಪರೇಷನ್ನಿಗೆ ಆ ದಾರಿಯೂ ಇದೆ. ಆದರೆ ಸಕ್ಕರೆಗೆ, ರಕ್ತದ ಒತ್ತಡಕ್ಕೆ ಪ್ರತಿದಿನ ನುಂಗುವ ಮಾತ್ರೆಯನ್ನು, ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ರಕ್ತ ಪರೀಕ್ಷೆಯನ್ನು ಆ ಯೋಜನೆ ಮನೆಗೆ ತಂದುಕೊಡುವುದಿಲ್ಲ. ಖಾಸಗಿ ವಿಮೆಯವರ ಮಾಮೂಲಿ ಪಾಲಿಸಿಯೂ ಅಷ್ಟೇ. ಒಳರೋಗಿಯಾಗಿ ಮಲಗಿದರೆ ಮಾತ್ರ ಹಣ, ಅದರಲ್ಲೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಇಎಸ್‌ಐನಲ್ಲಿ ಇಂಥ ಕಾಯುವ ಷರತ್ತಿಲ್ಲ. ಕಾಯಿಲೆ ಯಾವಾಗ ಬಂತೆಂದು ಯಾರೂ ಕೇಳಲಿಲ್ಲ, ಅತ್ತೆಯವರ ವಯಸ್ಸಿಗೆ ಬೇರೆ ದರ ಹಾಕಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವರ ಹೆಸರಿಗೆ ಚೀಟಿ ಆಯಿತು. ಅಲ್ಲಿಯವರೆಗೆ ಮೆಡಿಕಲ್ ಅಂಗಡಿಗೆ ತಿಂಗಳಿಗೆ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲದಂತೆ ಕೊಡುತ್ತಿದ್ದೆವು. ಆ ಒಂದು ಬಾಬತ್ತೇ ವರ್ಷದ ಮೂವತ್ತು ಸಾವಿರವನ್ನು ಸರಿದೂಗಿಸಿತು.

ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗುವ ದಿನ ನಾನು ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿಯುತ್ತೇನೆ. ಕೈಚೀಲದಲ್ಲಿ ಇಎಸ್‌ಐ ಕಾರ್ಡಿನ ಪ್ರತಿ, ಆಧಾರ್, ಹಳೆಯ ಚೀಟಿಗಳ ಕಟ್ಟು, ಖಾಲಿಯಾದ ಮಾತ್ರೆಯ ಹಾಳೆಗಳು, ಇನ್ಸುಲಿನ್ ತರಲು ಮಗನ ಶಾಲೆಯ ಸಣ್ಣ ಥರ್ಮಾಸ್. ಥರ್ಮಾಸಿನ ತಳಕ್ಕೆ ಮನೆಯಿಂದಲೇ ಮಂಜುಗಡ್ಡೆ ಹಾಕಿಕೊಂಡು, ಅದರ ಮೇಲೆ ಮಡಚಿದ ಒಂದು ಒಣ ಬಟ್ಟೆ ಇಟ್ಟಿರುತ್ತೇನೆ, ಸೀಸೆಗೆ ಮಂಜು ನೇರ ತಾಗಬಾರದೆಂದು ಔಷಧಿ ಕೊಡುವ ಹೆಣ್ಣುಮಗಳು ಮೊದಲ ಸಲವೇ ಹೇಳಿಕೊಟ್ಟಿದ್ದರು. ಹೆಸರು ಬರೆಸುವ ಸಾಲು, ವೈದ್ಯರ ಸಾಲು, ಔಷಧಿಯ ಸಾಲು, ಹೀಗೆ ಮೂರು ಸಾಲು ಮುಗಿಯುವಷ್ಟರಲ್ಲಿ ಹನ್ನೆರಡು ಗಂಟೆಯಾಗುತ್ತದೆ. ಕೆಲವು ಸಲ ಒಂದು ಮಾತ್ರೆ ದಾಸ್ತಾನು ಇಲ್ಲವೆಂದು ಮುಂದಿನ ವಾರ ಬರಲು ಹೇಳಿದ್ದಾರೆ. ಆಗ ಹೊರಗೆ ಕೊಂಡುಕೊಂಡು ರಸೀದಿ ಇಟ್ಟುಕೊಂಡಿದ್ದೇನೆ. ಹಣ ವಾಪಸ್ ಬರಲು ಒಮ್ಮೆ ಏಳು ತಿಂಗಳು ಹಿಡಿಯಿತು. ಇದು ನಿಜವಾದ ಕೊರತೆ. ದಿನಗೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಆ ಅರ್ಧ ದಿನವೆಂದರೆ ಅರ್ಧ ದಿನದ ಕೂಲಿಯೇ ಹೋದಂತೆ. ಇಎಸ್‌ಐ ಉಚಿತ ಎನ್ನುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚಾಲಕರ ಮನೆಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಡಿ ಲೈನಿಗೆ ಹೋದರೆ ಯಜಮಾನರು ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ, ಕೆಲಸದ ಜಾಗ ಒಂದು ಕಡೆ, ಮನೆ ಇನ್ನೊಂದು ಕಡೆ. ಆದ್ದರಿಂದ ನೋಂದಣಿಯ ಸಮಯದಲ್ಲೇ ಕುಟುಂಬಕ್ಕೆ ಮನೆಯ ಹತ್ತಿರದ ಚಿಕಿತ್ಸಾಲಯವನ್ನು ಬೇರೆಯಾಗಿ ಬರೆಸಿಕೊಳ್ಳಬೇಕು, ಅದಕ್ಕೆ ಅವಕಾಶವಿದೆ. ನಾವು ಇದು ತಿಳಿಯದೆ ಮೊದಲ ಎರಡು ತಿಂಗಳು ಟ್ರಾನ್ಸ್‌ಪೋರ್ಟಿನ ಹತ್ತಿರದ ಚಿಕಿತ್ಸಾಲಯಕ್ಕೆ ಅಲೆದೆವು. ಹಾಗೆಯೇ ವಿಮಾ ಸಂಖ್ಯೆ ಜೀವಮಾನಕ್ಕೆ ಒಂದೇ. ಕೆಲಸ ಬದಲಾಯಿಸಿದಾಗ ಹೊಸ ಓನರಿಗೆ ಹಳೆಯ ಸಂಖ್ಯೆಯನ್ನೇ ಕೊಡಬೇಕು. ಹೊಸದಾಗಿ ಇನ್ನೊಂದು ಸಂಖ್ಯೆ ಮಾಡಿಸಿಬಿಟ್ಟರೆ ಹಿಂದೆ ಕಟ್ಟಿದ ದಿನಗಳು ಲೆಕ್ಕಕ್ಕೆ ಸೇರದೆ ತೊಂದರೆಯಾಗುತ್ತದೆ.

2024ರಲ್ಲಿ ಅತ್ತೆಯವರಿಗೆ ಎದೆನೋವು ಬಂತು. ನಮ್ಮ ಚಿಕಿತ್ಸಾಲಯದ ವೈದ್ಯರು ಇಸಿಜಿ ನೋಡಿ ಆವತ್ತೇ ಬೆಂಗಳೂರಿನ ಇಎಸ್‌ಐ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಅಲ್ಲಿಂದ ಒಪ್ಪಂದವಿರುವ ಖಾಸಗಿ ಹೃದ್ರೋಗ ಆಸ್ಪತ್ರೆಗೆ ಕಳುಹಿಸಿದರು. ಯಜಮಾನರು ಆಗ ಸೂರತ್ತಿನಲ್ಲಿ ಲೋಡಿಗೆ ಕಾಯುತ್ತಿದ್ದರು. ಫೋನಿನಲ್ಲಿ ನಾನು ‘ಹಣ ಎಷ್ಟು ಹೊಂದಿಸಬೇಕೋ ಗೊತ್ತಿಲ್ಲ’ ಎಂದಾಗ ಅವರು ಮಾತೇ ಆಡಲಿಲ್ಲ. ಸ್ಟೆಂಟ್ ಹಾಕಿದರು, ನಾಲ್ಕನೆಯ ದಿನ ಮನೆಗೆ ಕಳುಹಿಸಿದರು. ಬಿಲ್ಲು ನಮ್ಮ ಕೈಗೆ ಬರಲಿಲ್ಲ, ಒಂದು ಕಾಗದಕ್ಕೆ ನನ್ನ ಸಹಿ ತೆಗೆದುಕೊಂಡರು, ಅಷ್ಟೇ. ಊಟ, ಆಟೋ ಬಿಟ್ಟರೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆ ದಿನ ನಮ್ಮನ್ನು ಕಾಪಾಡಿದ್ದು ಪ್ರತಿ ತಿಂಗಳೂ ತಪ್ಪದೆ ಕಟ್ಟಿದ್ದ ವಂತಿಗೆ. ಇಂಥ ದೊಡ್ಡ ಚಿಕಿತ್ಸೆಗೆ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚು ಅವಧಿಯ ವಂತಿಗೆ ಬೇಕಾಗುತ್ತದೆ, ಅದರಲ್ಲೂ ಕುಟುಂಬದವರಿಗೆ ಇನ್ನೂ ಹೆಚ್ಚು. ಕೆಲಸಕ್ಕೆ ಸೇರಿದ ಮರುದಿನವೇ ಎಲ್ಲವೂ ಸಿಗುತ್ತದೆಂದು ಯಾರೂ ನಂಬಿಕೊಂಡು ಕೂರಬಾರದು.

ಈಗ ಕಹಿ ಅನುಭವ. ಮೊದಲು ಸೇರಿದ ಟ್ರಾನ್ಸ್‌ಪೋರ್ಟಿನಲ್ಲಿ ಇಎಸ್‌ಐ ಇತ್ತು, ಕಾರ್ಡೂ ಬಂತು, ಮಾತ್ರೆಯೂ ಸಿಗುತ್ತಿತ್ತು. ಆದ್ದರಿಂದ ನಾವು ಬೇರೇನನ್ನೂ ನೋಡಲಿಲ್ಲ. 2022ರ ಆಗಸ್ಟಿನಲ್ಲಿ ಯಜಮಾನರಿಗೆ ಸೊಂಟದ ಡಿಸ್ಕ್ ಸರಿದು ಮೂರು ವಾರ ಮಲಗಿದರು. ಇಎಸ್‌ಐನಲ್ಲಿ ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇಕಡಾ 70ರಷ್ಟು ಹಣವನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುತ್ತಾರೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. 18,000 ರೂಪಾಯಿ ಸಂಬಳವೆಂದರೆ ದಿನಕ್ಕೆ 600, ಅದರ ಶೇಕಡಾ 70 ಎಂದರೆ 420. ಹತ್ತೊಂಬತ್ತು ದಿನಕ್ಕೆ 7,980 ರೂಪಾಯಿ ಬರಬೇಕೆಂದು ನಾನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ಅರ್ಜಿ ತಿರಸ್ಕಾರವಾಯಿತು.

ಕಾರಣವನ್ನು ತಿಳಿಯಲು ಇಎಸ್‌ಐನ ವರ್ಷದ ಲೆಕ್ಕ ತಿಳಿದಿರಬೇಕು. ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಫಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ ಫಲ. ಕಾಯಿಲೆಯ ಹಣ ಬೇಕೆಂದರೆ ಆಯಾ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳಿಗೆ ವಂತಿಗೆ ಕಟ್ಟಿರಬೇಕು. ಆ ಓನರು ಅಕ್ಟೋಬರಿನಿಂದ ಮಾರ್ಚಿನವರೆಗೆ ತಿಂಗಳಿಗೆ ಹನ್ನೆರಡು ದಿನ ಮಾತ್ರ ಕೆಲಸವೆಂದು ತೋರಿಸಿದ್ದರು. ಆರು ಹನ್ನೆರಡಲ ಎಪ್ಪತ್ತೆರಡು. ಆರು ದಿನ ಕಡಿಮೆ ಬಿತ್ತು. ತಿಂಗಳಿಡೀ ಗಾಡಿ ಓಡಿಸಿದ್ದ ಮನುಷ್ಯ ಹನ್ನೆರಡು ದಿನ ದುಡಿದವನೆಂದು ದಾಖಲೆಯಲ್ಲಿ ಇತ್ತು. ಟ್ರಿಪ್ ಶೀಟುಗಳು ನಮ್ಮ ಬಳಿ ಇದ್ದವು, ದೂರು ಕೊಡಬಹುದಿತ್ತು. ಕೊಟ್ಟರೆ ಆ ಸಾಲಿನ ಯಾವ ಓನರೂ ಮತ್ತೆ ಸ್ಟೀರಿಂಗ್ ಕೊಡುವುದಿಲ್ಲವೆಂದು ಯಜಮಾನರು ಹೆದರಿದರು, ನಾನೂ ಒತ್ತಾಯಿಸಲಿಲ್ಲ. ಈಗ ನೆನೆದರೆ ಒತ್ತಾಯಿಸಬೇಕಿತ್ತು ಅನ್ನಿಸುತ್ತದೆ. ಆ ಅಕ್ಟೋಬರಿನಲ್ಲಿ ಅವರು ಬೇರೆ ಕಡೆ ಸೇರಿದರು.

ಹೊಸ ಕಡೆ ಸೇರಿದ ದಿನದಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಮಾಲೀಕರು ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. 20ನೇ ತಾರೀಖು ನಾನು ಇಎಸ್‌ಐ ಜಾಲತಾಣದಲ್ಲಿ ವಿಮಾದಾರರ ಪುಟವನ್ನು ತೆರೆದು, ಎಷ್ಟು ದಿನ ತೋರಿಸಿದ್ದಾರೆ, ಎಷ್ಟು ಸಂಬಳ ತೋರಿಸಿದ್ದಾರೆ ಎಂದು ನೋಡಿ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಒಂದು ಸಲ ದಿನಗಳು ತಪ್ಪಾಗಿ ನಮೂದಾಗಿದ್ದವು. ಆಫೀಸಿನ ಹುಡುಗನಿಗೆ ಫೋನ್ ಮಾಡಿ ಮರ್ಯಾದೆಯಿಂದ ಹೇಳಿದಾಗ ಸರಿಪಡಿಸಿದ. ಕೆಲಸಕ್ಕೆ ಸೇರುವ ಮೊದಲೇ ಅಲ್ಲಿರುವ ಹಳೆಯ ಚಾಲಕರೊಬ್ಬರನ್ನು ಟೀ ಅಂಗಡಿಯಲ್ಲಿ ಕೂರಿಸಿಕೊಂಡು ‘ಅಣ್ಣಾ, ನಿಮಗೆ ತಿಂಗಳಿಗೆ ಎಷ್ಟು ದಿನ ತೋರಿಸುತ್ತಾರೆ’ ಎಂದು ಕೇಳಿಬಿಟ್ಟರೆ, ಆ ಟ್ರಾನ್ಸ್‌ಪೋರ್ಟಿನ ಇಎಸ್‌ಐ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಸಂಬಳ ಎಷ್ಟು ತೋರಿಸುತ್ತಾರೆಂಬುದೂ ಅಷ್ಟೇ ಮುಖ್ಯ. ಚಾಲಕನ ದುಡಿಮೆಯಲ್ಲಿ ಬಾಟಾದ ಪಾಲು ದೊಡ್ಡದು. ಪಟ್ಟಿಯಲ್ಲಿ ಸಂಬಳ ಹತ್ತು ಸಾವಿರ, ಉಳಿದದ್ದೆಲ್ಲ ಬಾಟಾ ಎಂದು ಬರೆದರೆ ಓನರಿಗೆ ವಂತಿಗೆ ಉಳಿಯುತ್ತದೆ. ಕಾಯಿಲೆ ಬಿದ್ದಾಗ, ಅಪಘಾತವಾದಾಗ ನಮಗೆ ಬರುವ ಹಣವನ್ನು ಲೆಕ್ಕ ಹಾಕುವುದು ಆ ಹತ್ತು ಸಾವಿರದ ಮೇಲೆಯೇ.

ಅಪಘಾತದ ಮಾತು ಆಡುವುದಕ್ಕೆ ಮನಸ್ಸು ಬರುವುದಿಲ್ಲ. ಆದರೂ ಲಾರಿ ಕೆಲಸವನ್ನು ಇಎಸ್‌ಐ ಜೊತೆ ತೂಗಿ ನೋಡುವವರು ಈ ಭಾಗವನ್ನೇ ಮೊದಲು ಓದಬೇಕು. ಕೆಲಸದ ಮೇಲೆ ಆದ ಗಾಯಕ್ಕೆ 78 ದಿನದ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ವಾಸಿಯಾಗುವವರೆಗೆ ದಿನಗೂಲಿಯ ಶೇಕಡಾ 90 ಕೊಡುತ್ತಾರೆ, ಶಾಶ್ವತ ಅಂಗವಿಕಲತೆ ಉಳಿದರೆ ಅದರ ಪ್ರಮಾಣಕ್ಕೆ ತಕ್ಕ ಹಣ ಜೀವನಪರ್ಯಂತ ಬರುತ್ತದೆ, ಜೀವ ಹೋದರೆ ಅದೇ ಶೇಕಡಾ 90ರ ಲೆಕ್ಕದಲ್ಲಿ ಹೆಂಡತಿ ಮಕ್ಕಳು ಮತ್ತು ತಾಯಿಗೆ ತಿಂಗಳ ಪಿಂಚಣಿ ಹಂಚಿಕೆಯಾಗುತ್ತದೆ. ಗಾಡಿಯ ವಿಮೆಯಿಂದ ಬರುವ ಪರಿಹಾರಕ್ಕೆ ಕೋರ್ಟಿಗೆ ಅಲೆಯುವ ಮನೆಗಳನ್ನು ನಾನು ನೋಡಿದ್ದೇನೆ. ನಮ್ಮ ಯಜಮಾನರ ಜೊತೆ ಕೆಲಸ ಮಾಡುವ ಒಬ್ಬರು ಕಳೆದ ಮಳೆಗಾಲದಲ್ಲಿ ಲೋಡಿನ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿಯುವಾಗ ಕಾಲು ಜಾರಿ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಫೀಸಿನವರು ಅಪಘಾತದ ವರದಿಯನ್ನು ಕೂಡಲೇ ಕಳುಹಿಸಿದ್ದರಿಂದ ಎರಡು ತಿಂಗಳು ಅವರ ಬ್ಯಾಂಕ್ ಖಾತೆಗೆ ಹಣ ಬಂತು, ಮನೆ ಬಾಡಿಗೆ ನಿಲ್ಲಲಿಲ್ಲ. ವರದಿ ತಡವಾದರೆ ಎಲ್ಲವೂ ತಡ. ಆದ್ದರಿಂದ ಗಾಡಿ ಎಲ್ಲೇ ಇರಲಿ, ಗಾಯವಾದ ಕೂಡಲೇ ಆಫೀಸಿಗೆ ಫೋನ್ ಮಾಡಿ, ವಾಟ್ಸಾಪಿನಲ್ಲಿ ಫೋಟೋ ಸಹಿತ ಬರೆದು ಹಾಕಬೇಕೆಂದು ನಮ್ಮವರಿಗೆ ಹೇಳಿಟ್ಟಿದ್ದೇನೆ.

ಇಎಸ್‌ಐ ಬರೀ ಕರ್ನಾಟಕದ ಸೌಲಭ್ಯವಲ್ಲ ಎಂಬುದು ಲೈನಿನ ಚಾಲಕರಿಗೆ ದೊಡ್ಡ ಅನುಕೂಲ. ಹೈದರಾಬಾದಿನ ಸನತ್‌ನಗರ, ಚೆನ್ನೈನ ಕೆ.ಕೆ. ನಗರ, ನಮ್ಮ ರಾಜಾಜಿನಗರ, ಪೀಣ್ಯ, ಹೀಗೆ ಕೈಗಾರಿಕೆ ಇರುವ ಊರುಗಳಲ್ಲೇ ಈ ಆಸ್ಪತ್ರೆಗಳಿವೆ, ಲಾರಿಗಳು ಹೋಗುವುದೂ ಅಂಥ ಊರುಗಳಿಗೇ. ಜ್ವರ ಬಂದಾಗ ಡಾಬಾದ ಪಕ್ಕದ ಅಂಗಡಿಯಲ್ಲಿ ಮಾತ್ರೆ ನುಂಗಿ ಗಾಡಿ ಎಳೆಯುವ ಬದಲು ಅಲ್ಲಿಗೆ ಹೋಗಿ ತೋರಿಸಿಕೊಂಡರೆ, ರಜೆಗೆ ಬೇಕಾದ ವೈದ್ಯರ ಪ್ರಮಾಣಪತ್ರವೂ ಸಿಗುತ್ತದೆ.

ಯಾರು ಯಾರು ಈ ಸೌಲಭ್ಯದ ಹೊರಗೆ ಉಳಿಯುತ್ತಾರೆ ಎಂಬುದನ್ನೂ ಹೇಳಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಇಎಸ್‌ಐ ಕಡ್ಡಾಯ. ನಮ್ಮ ಕಡೆ ಮೂರು ಗಾಡಿ, ಐದು ಗಾಡಿ ಇಟ್ಟುಕೊಂಡ ಓನರುಗಳೇ ಹೆಚ್ಚು, ಅವರ ಚಾಲಕರಿಗೆ ಇದು ಸಿಗುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸಣ್ಣ ಸಂಸ್ಥೆಗಳೂ ಮಾಲೀಕರು ಮತ್ತು ನೌಕರರು ಒಪ್ಪಿದರೆ ಸೇರಲು ಅವಕಾಶವಿದೆ. ಸಣ್ಣ ಓನರುಗಳ ಬಳಿ ಕೆಲಸ ಮಾಡುವವರು ಈ ಮಾತನ್ನು ಎತ್ತಿ ನೋಡಬೇಕು. ಮನೆಯೊಳಗೂ ಗೆರೆಗಳಿವೆ. ತಂದೆ ತಾಯಿಯ ಹೆಸರು ಸೇರಬೇಕಾದರೆ ಅವರ ಸ್ವಂತ ಆದಾಯ ತಿಂಗಳಿಗೆ 9,000 ರೂಪಾಯಿ ಮೀರಬಾರದು. ಗಂಡು ಮಕ್ಕಳು ಹದಿನೆಂಟಾದ ಮೇಲೆ ಓದುತ್ತಿದ್ದರೆ 21 ವರ್ಷದವರೆಗೆ ಮಾತ್ರ. ವಿಮಾದಾರ ಗಂಡಸಾದರೆ ಅವರ ತಂದೆ ತಾಯಿಗೆ ಸಿಗುತ್ತದೆ, ಹೆಂಡತಿಯ ತಂದೆ ತಾಯಿಗೆ ಸಿಗುವುದಿಲ್ಲ. ನನ್ನ ತಾಯಿ ನಮ್ಮ ಮನೆಯಲ್ಲೇ ಇದ್ದಾರೆ. ಇಬ್ಬರು ಮುದುಕಿಯರಿಗೂ ಒಂದೇ ಕಾಯಿಲೆ. ಒಬ್ಬರ ಮಾತ್ರೆ ಚಿಕಿತ್ಸಾಲಯದಿಂದ, ಇನ್ನೊಬ್ಬರದು ಜನೌಷಧಿ ಕೇಂದ್ರದಿಂದ. ಡಬ್ಬಿಗಳನ್ನು ಒಂದೇ ಗೂಡಿನಲ್ಲಿ ಇಡುವಾಗ ಪ್ರತಿ ಸಲವೂ ನನಗೆ ನೋವಾಗುತ್ತದೆ.

ಇನ್ನೊಂದು ತೂಕವನ್ನು ಹಾಕದೆ ಈ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಮನೆಯವರ ಆರೋಗ್ಯಕ್ಕಾಗಿ ಹಿಡಿದ ಕೆಲಸ ಯಜಮಾನರ ಆರೋಗ್ಯವನ್ನು ತಿನ್ನುತ್ತಿದೆ. ನಲವತ್ತೊಂದಕ್ಕೆ ಸೊಂಟ ಹೋಯಿತು, ನಲವತ್ತಮೂರಕ್ಕೆ ರಕ್ತದ ಒತ್ತಡ ಶುರುವಾಯಿತು. ರಾತ್ರಿ ಎರಡಕ್ಕೆ ಶಿರಾಡಿ ಘಾಟಿ ಇಳಿದು ಬೆಳಿಗ್ಗೆ ಮಂಗಳೂರಿನಲ್ಲಿ ಅನ್‌ಲೋಡಿಗೆ ಕಾಯುವ ದೇಹಕ್ಕೆ ಯಾವ ಕಾರ್ಡೂ ನಿದ್ದೆ ಕೊಡಲಾರದು. ಮನೆಯಲ್ಲಿ ದೀರ್ಘ ಕಾಯಿಲೆಯವರು ಇಲ್ಲದಿದ್ದರೆ, ಊರ ಹತ್ತಿರ ಇಎಸ್‌ಐ ಇರುವ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಎರಡು ಸಾವಿರ ಕಡಿಮೆಗೆ ಕೆಲಸ ಸಿಕ್ಕರೆ, ನಾನಾದರೆ ಅದನ್ನೇ ಆರಿಸು ಎನ್ನುತ್ತೇನೆ. ಈಗಾಗಲೇ ಸ್ಟೀರಿಂಗ್ ಹಿಡಿದಿರುವವರಿಗೆ, ಬೇರೆ ಕೆಲಸ ಬಾರದವರಿಗೆ, ಇಎಸ್‌ಐ ಇರುವ ಟ್ರಾನ್ಸ್‌ಪೋರ್ಟೇ ಸರಿ, ಸಂಬಳ ಮೂರು ನಾಲ್ಕು ಸಾವಿರ ಕಡಿಮೆಯಾದರೂ.

ನಮಗೀಗ ಎದುರಾಗಿರುವ ಕಷ್ಟ ಬೇರೆಯದು. ಇಎಸ್‌ಐಗೆ ಸಂಬಳದ ಮಿತಿ 21,000 ರೂಪಾಯಿ. ಅದನ್ನು ನಿಗದಿ ಮಾಡಿದ್ದು 2017ರ ಜನವರಿ 1ರಿಂದ. ಅಂದಿನಿಂದ ಅಕ್ಕಿ, ಎಣ್ಣೆ, ಶಾಲೆಯ ಶುಲ್ಕ ಎಲ್ಲವೂ ಏರಿವೆ, ಚಾಲಕರ ಸಂಬಳವೂ ಅಷ್ಟಿಷ್ಟು ಏರಿದೆ. ಹೀಗಾಗಿ ಅನುಭವ ಹೆಚ್ಚಿದಂತೆ ಒಳ್ಳೆಯ ಚಾಲಕ ಈ ಸೌಲಭ್ಯದಿಂದ ಹೊರಬೀಳುತ್ತಾನೆ. ಈಗಿನ ಓನರು ಯಜಮಾನರ ಕೆಲಸ ಮೆಚ್ಚಿ, ಸಂಬಳವನ್ನು 19,500ರಿಂದ 22,500ಕ್ಕೆ ಏರಿಸುವುದಾಗಿ ಹೇಳಿದ್ದಾರೆ. ವರ್ಷಕ್ಕೆ 36,000 ರೂಪಾಯಿ ಹೆಚ್ಚು. ಆದರೆ ಅರವತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯ, ಸ್ಟೆಂಟ್ ಹಾಕಿರುವ ಅತ್ತೆಯವರಿಗೆ ಹೊರಗೆ ವಿಮೆ ಕೇಳಿದರೆ ಒಬ್ಬರು ಆಗುವುದಿಲ್ಲವೆಂದರು, ಇನ್ನೊಬ್ಬರು ಹೇಳಿದ ಕಂತು ಆ 36,000ವನ್ನೂ ಮೀರಿತ್ತು, ಅದೂ ಹೃದಯದ ಕಾಯಿಲೆಗೆ ಮೂರು ವರ್ಷ ಕಾದ ಮೇಲೆ.

ಇದಕ್ಕೆ ಒಂದು ಸಣ್ಣ ದಾರಿ ಸಿಕ್ಕಿದೆ. ವಂತಿಗೆ ಅವಧಿ ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ, ಆ ಅವಧಿ ಮುಗಿಯುವವರೆಗೂ ನೌಕರ ಇಎಸ್‌ಐ ಒಳಗೇ ಇರುತ್ತಾನೆ, ಏರಿದ ಸಂಬಳದ ಮೇಲೆ ವಂತಿಗೆಯನ್ನೂ ಕಟ್ಟುತ್ತಾರೆ. ಏಪ್ರಿಲ್ 1ರಿಂದಲೇ ಏರಿಸಿದರೆ ಏಪ್ರಿಲಿನಿಂದಲೇ ಹೊರಗೆ. ಮೇ ತಿಂಗಳಿನಿಂದ ಏರಿಸಿದರೆ ಸೆಪ್ಟೆಂಬರ್ 30ರವರೆಗೆ ಒಳಗೆ, ಆ ಅವಧಿಯ ಫಲ ಮುಂದಿನ ವರ್ಷದ ಜೂನ್ 30ರವರೆಗೆ. ಒಂದು ತಿಂಗಳ ಹೆಚ್ಚಳ ಬಿಟ್ಟುಕೊಟ್ಟರೆ ಅತ್ತೆಯವರ ಚಿಕಿತ್ಸೆ ಇನ್ನೂ ಆರು ತಿಂಗಳು ಮುಂದಕ್ಕೆ ಸಾಗುತ್ತದೆ. ಯಜಮಾನರು ಮೊನ್ನೆ ಲೋಡು ಇಳಿಸಿ ಬಂದವರೇ ಆಫೀಸಿಗೆ ಹೋಗಿ, ‘ಸಾರ್, ಹೆಚ್ಚಳ ಮೇ ತಿಂಗಳಿಂದ ಕೊಡಿ, ಏಪ್ರಿಲ್ ಬೇಡ’ ಎಂದು ಕೇಳಿಕೊಂಡಿದ್ದಾರೆ. ಓನರು ಮೊದಲು ಅರ್ಥವಾಗದೆ ನೋಡಿದರಂತೆ, ಆಮೇಲೆ ಲೆಕ್ಕದ ಹುಡುಗನನ್ನು ಕರೆದು ಹಾಗೆಯೇ ಬರೆದುಕೊಳ್ಳಲು ಹೇಳಿದರಂತೆ. ನೋಟುಪುಸ್ತಕದ ಹೊಸ ಹಾಳೆಯಲ್ಲಿ ನಾನು ಆ ಜೂನ್ 30ನ್ನು ಬರೆದು, ಅದರ ಕೆಳಗೆ ಗೆರೆ ಎಳೆದಿಟ್ಟಿದ್ದೇನೆ.